ಕಂಪನಿ ಕಾರಿನ ನಾಲ್ಕು ಟೈರು

ಕಂಪನಿಯ ಬಿಳಿ ಕಾರಿನ ಟೈರು ಸವೆದುಹೋಗಿದೆ ಎಂಬುದು ನನಗೆ ಮೊದಲು ತಿಳಿದದ್ದು ಮ್ಯಾನೇಜರ ಪಾದದಿಂದ. ಒಂದು ಸೋಮವಾರ ಬೆಳಗ್ಗೆ ಅವರು ಕಾರಿನಿಂದ ಇಳಿದು ವರಾಂಡದ ಮೇಲೆ ಎರಡು ಹೆಜ್ಜೆ ಇಟ್ಟರು. ಮೂರನೆಯದಕ್ಕೆ ಎಡಗಾಲು ಸರ್ರನೆ ಮುಂದೆ ಹೋಯಿತು. ಕಂಬ ತಬ್ಬಿಕೊಂಡು ನಿಂತರು. ನಾನು ಪೊರಕೆ ಹಿಡಿದು ಪಕ್ಕದಲ್ಲೇ ಇದ್ದೆ. ನೆಲ ಒದ್ದೆ ಇರಲಿಲ್ಲ. ಕಂಬ ತಬ್ಬಿಕೊಂಡೇ ಅವರು ನೆಲಕ್ಕೆ ಬೈದರು, ಆಮೇಲೆ ನನಗೆ ಬೈದರು. ತಮ್ಮ ಪಾದಕ್ಕೆ ಮಾತ್ರ ಏನೂ ಅನ್ನಲಿಲ್ಲ.

ನಮ್ಮ ಊರಲ್ಲಿ ಇದು ಮೊದಲಿನಿಂದ ಇದ್ದದ್ದೇ. ಸರಿಮಾಡಬೇಕಾದದ್ದನ್ನು ತಿಳಿದೂ ಸುಮ್ಮನೆ ಬಿಟ್ಟರೆ, ಆ ವಸ್ತುವಿನ ಊನ ಬಿಟ್ಟವರ ಮೈಮೇಲೆ ಬರುತ್ತದೆ. ಶಾಲೆಯ ಬೆಂಚು ಅಲ್ಲಾಡಿದರೆ ಹೆಡ್‌ಮಾಸ್ತರ ಹಲ್ಲು ಅಲ್ಲಾಡುತ್ತದೆ. ಬಾಗಿಲಿಗೆ ಎಣ್ಣೆ ಬಿಡದವನ ಮಂಡಿ ಕಿರಗುಟ್ಟುತ್ತದೆ. ಹೆಣ್ಣು ಕೊಡುವವರು ಹುಡುಗನ ಕೆಲಸ ಏನೆಂದು ಕೇಳುವ ಮೊದಲು ಅವನ ಅಪ್ಪನನ್ನು ನಾಲ್ಕು ಸಲ ಎಬ್ಬಿಸಿ ಕೂರಿಸಿ ಕಿವಿಗೊಟ್ಟು ಕೇಳುತ್ತಾರೆ. ಚಾವಡಿಯ ಸೂರು ಹನ್ನೊಂದು ವರ್ಷದಿಂದ ಸೋರುತ್ತಿದೆ, ಊರ ಯಜಮಾನ ಬೋರಲಿಂಗಯ್ಯನವರ ಮೂಗು ಕೂಡ ಹನ್ನೊಂದು ವರ್ಷದಿಂದ ಸೋರುತ್ತಿದೆ. ಅವರು ಹೆಂಚು ತರಿಸಲಿಲ್ಲ. ಡಜನ್‌ಗಟ್ಟಲೆ ಕರ್ಚೀಫು ತರಿಸಿದರು. ಊರವರು ಅದನ್ನು ನೋಡಿ ಕಲಿತರು. ಹೆಡ್‌ಮಾಸ್ತರು ಹಲ್ಲಿಗೆ ದಾರ ಕಟ್ಟಿಸಿಕೊಂಡರು. ಮಂಡಿಗೆ ಕಟ್ಟುವ ಹತ್ತಿಪಟ್ಟಿ ಮಾರುವ ಅಂಗಡಿಯೇ ನಮ್ಮಲ್ಲಿ ಮೂರಿವೆ. ಬಾಗಿಲ ಕೀಲಿಗೆ ಬಿಡುವ ಎಣ್ಣೆ ಬೇಕೆಂದರೆ ಪಕ್ಕದ ಊರಿಗೆ ಹೋಗಬೇಕು. ಇಷ್ಟು ಚೆನ್ನಾಗಿ ತೋರಿಸಿಕೊಡುವ ನೆಲದ ಮೇಲೆ ಇಷ್ಟು ನಾಚಿಕೆಗೆಟ್ಟ ಜನ ಹೇಗೆ ಹುಟ್ಟಿದರೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ನಾನು ಕೆಂಚಮ್ಮ. ಬೆಂಕಿಪೊಟ್ಟಣದ ಕಂಪನಿಯಲ್ಲಿ ಮೂವತ್ತೊಂದು ವರ್ಷ ಕಸ ಗುಡಿಸಿದೆ. ಎರಡನೇ ಕ್ಲಾಸಿಗೆ ಓದು ನಿಂತಿತು. ಆದರೆ ಕಂಡದ್ದು ಮರೆಯುವವಳಲ್ಲ. ಗುಡಿಸುವವಳು ತಲೆ ಬಗ್ಗಿಸಿಕೊಂಡೇ ಇರುತ್ತಾಳಲ್ಲ, ಅವಳಿಗೆ ಜನರ ಮುಖಕ್ಕಿಂತ ಕಾಲು ಹೆಚ್ಚು ಗೊತ್ತು.

ಮ್ಯಾನೇಜರು ಪಟ್ಟಾಭಿರಾಮಯ್ಯನವರು ಆ ದಿನ ಮಧ್ಯಾಹ್ನ ನನ್ನನ್ನು ರೂಮಿಗೆ ಕರೆಸಿದರು. ಕುರ್ಚಿಯಲ್ಲಿ ಕೂತು ಎರಡೂ ಕಾಲನ್ನು ಮೇಜಿನ ಅಡ್ಡಪಟ್ಟಿಗೆ ಸಿಕ್ಕಿಸಿಕೊಂಡಿದ್ದರು. "ಕೆಂಚಮ್ಮ, ನಾಳೆಯಿಂದ ನಾನು ಬರೋ ಹೊತ್ತಿಗೆ ಗೇಟಿಂದ ಈ ರೂಮಿನವರೆಗೂ ತೆಳ್ಳಗೆ ಮರಳು ಹಾಕಬೇಕು. ನಾನು ಕೂತ ಮೇಲೆ ಗುಡಿಸಿಬಿಡು. ಸಂಜೆ ಹೋಗುವಾಗ ಮತ್ತೆ ಹಾಕು" ಎಂದರು. "ಯಾಕೆ ಸಾಮಿ?" ಎಂದೆ. "ನೆಲ ಜಾರುತ್ತೆ." "ಮೂವತ್ತೊಂದು ವರ್ಷದಿಂದ ನಾನೇ ಒರೆಸ್ತಾ ಇವ್ನಿ ಸಾಮಿ, ಯಾರೂ ಜಾರಿರ್ನಿಲ್ಲ." ಅವರು ನನ್ನನ್ನು ನೋಡಿದರು. "ನಿನ್ನನ್ನ ಯೋಚನೆ ಮಾಡು ಅಂತ ಕರೆಸಲಿಲ್ಲ. ಮರಳು ಹಾಕು ಅಂತ ಕರೆಸಿದೆ." ನಾನು ಹಾಕಿದೆ. ಎರಡು ತಿಂಗಳು ಹಾಕಿದೆ. ಈಗ ಬೇರೆಯವರ ಬಗ್ಗೆ ಮೂತಿ ತಿರುವುವ ನಾನು ಅದನ್ನು ಮೊದಲೇ ಹೇಳಿಬಿಡಬೇಕು.

ಕಾರು ಓಡಿಸುತ್ತಿದ್ದವನು ಓಬಳೇಶ. ಹದಿನಾಲ್ಕು ವರ್ಷದಿಂದ ಅದೇ ಕೆಲಸ. ಬೇರೆ ಯಾವ ಕೆಲಸವೂ ಅವನ ಕೈಗೆ ಹತ್ತಿರಲಿಲ್ಲ. ಒಂದು ಸಲ ಪ್ಯಾಕಿಂಗಿಗೆ ಹಾಕಿದ್ದಕ್ಕೆ ಅರ್ಧ ದಿನದಲ್ಲಿ ಮೂರು ಪೆಟ್ಟಿಗೆಗೆ ಬೆಂಕಿ ಇಟ್ಟು ಬಂದಿದ್ದ. ಸ್ಟೇರಿಂಗ್ ಮುಂದೆ ಕೂತರೆ ಮಾತ್ರ ಬೇರೆ ಮನುಷ್ಯ. ಟೈರಿನ ಮೇಲಿನ ಉಬ್ಬುಗಳಿಗೆ ಡ್ರೈವರುಗಳು ಬಟನ್ ಅನ್ನುತ್ತಾರೆ. ಆ ಮಂಗಳವಾರ ಅವನು ನನ್ನನ್ನು ಕರೆದು ಕಾರಿನ ಪಕ್ಕ ಕೂರಿಸಿ ತೋರಿಸಿದ. "ನೋಡು ಕೆಂಚಕ್ಕ, ನಾಕರಲ್ಲೂ ಬಟನ್ನೇ ಇಲ್ಲ. ಮುಂದಿಂದ್ರಲ್ಲಿ ದಾರ ಬೇರೆ ಎದ್ದದೆ. ಇದು ಟೈರಲ್ಲ, ಬೋಳಿಸಿದ ತಲೆ." ಕೈಯಿಂದ ಸವರಿದೆ. ನಮ್ಮನೆ ರುಬ್ಬುಗುಂಡೂ ಇದಕ್ಕಿಂತ ಒರಟಾಗಿದೆ.

"ಸಾಯೇಬ್ರಿಗೆ ಹೇಳ್ದಾ?"

"ನಾಕು ಸಲ ಹೇಳ್ದೆ ಕಣಕ್ಕ. ಮೊದಲ್ನೇ ಸಲ ಮುಂದಿನ ತಿಂಗಳು ಅಂದ್ರು. ಎರಡ್ನೇ ಸಲ ಹೆಡ್ಡಾಫೀಸು ಅಂದ್ರು. ಮೂರ್ನೇ ಸಲ ಕಾಗದ ತೆಗೆದು ಓದುದ್ರು, ಟೈರು ನೋಡ್ಕೊಳ್ಳೋದು ಡ್ರೈವರ್ ಜವಾಬ್ದಾರಿ ಅಂತ ಅದರಲ್ಲಿ ಬರ್ದದಂತೆ. ನೋಡ್ಕೊಂಡೆ ಸಾರ್, ನೋಡಿದ್ದಕ್ಕೇ ಬಂದು ಹೇಳ್ತಾ ಇರೋದು ಅಂದೆ. ಹಂಗಾದ್ರೆ ನಿಧಾನಕ್ಕೆ ಓಡ್ಸು ಅಂದ್ರು."

"ನಾಕನೇ ಸಲ?"

"ನಾಕನೇ ಸಲ ಕೀಲಿ ಕೊಟ್ಟು ಹೋಗ್ತೀಯಾ ಅಂದ್ರು."

ಅವನು ಐದನೇ ಸಲ ಹೋಗಲಿಲ್ಲ. ಪ್ರತಿದಿನ ಬೆಳಗ್ಗೆ ಕೀಲಿ ತೆಗೆದುಕೊಳ್ಳುವಾಗ ಪುಸ್ತಕದಲ್ಲಿ "ಗಾಡಿ ಸರಿ ಇದೆ" ಎಂದು ರುಜು ಹಾಕುವ ಪದ್ಧತಿ ಕಂಪನಿಯಲ್ಲಿತ್ತು. ಅದನ್ನೂ ಹಾಕುತ್ತಿದ್ದ. ಹೇಳುತ್ತಿದ್ದಷ್ಟು ದಿನ ಅವನ ಪಾದ ಸರಿಯಾಗಿತ್ತು, ನಾನೇ ಸಾಕ್ಷಿ. ಹೇಳುವುದನ್ನು ಬಿಟ್ಟ ವಾರವೇ ನಲ್ಲಿಯ ಹತ್ತಿರ ಜಾರಿದ. ಎದ್ದು ನನ್ನ ಕಡೆ ನೋಡಿದ. ನಾನು ಆ ಕಡೆ ತಿರುಗಿ ಗುಡಿಸಿದೆ. ಮಾರನೇ ದಿನದಿಂದ ಸಾಹೇಬರಿಗೆ ಹಾಕಿದ ಮರಳಿನ ಮೇಲೆಯೇ ಅವನೂ ಅವರ ಹಿಂದಿಂದೆ ನಡೆಯತೊಡಗಿದ. ಒಬ್ಬರ ಹಿಂದೆ ಒಬ್ಬರು ಬಾತುಕೋಳಿಗಳ ಹಾಗೆ ಬರುತ್ತಿದ್ದರು. ಕಚೇರಿಯ ಜನ ನೋಡುತ್ತಿದ್ದರು. ಗುಮಾಸ್ತ ಫಣಿಯಪ್ಪ ಒಂದು ದಿನ ನನ್ನ ಕಿವಿಯ ಹತ್ತಿರ ಬಂದು, "ಸಾಹೇಬರ ನಡಿಗೇಲಿ ಈಗ ಒಂದು ಗಾಂಭೀರ್ಯ ಬಂದಿದೆ ಅಲ್ವಾ?" ಎಂದ. ಅವನು ತಮಾಷೆಗೆ ಹೇಳಿದ್ದಲ್ಲ. ಅದೇ ದುಃಖ.

ಇದೆಲ್ಲ ನೋಡಿ ಒಳಗೊಳಗೇ ನಗುತ್ತಿದ್ದ ನಾನು, ಒಂದು ಬೆಳಗ್ಗೆ ನಮ್ಮ ಮನೆಯ ಅಂಗಳದಲ್ಲಿ ಬಿಂದಿಗೆ ಹೊತ್ತುಕೊಂಡು ಬರುವಾಗ ಬಿದ್ದೆ. ಬಿಂದಿಗೆ ಭಾರ ಎಂದುಕೊಂಡೆ. ಮಾರನೇ ದಿನ ಬರಿಗೈಯಲ್ಲೇ ಬಿದ್ದೆ. ಅಂಗಾಲು ತಿರುಗಿಸಿ ನೋಡಿದರೆ ಇಷ್ಟು ವರ್ಷದ ಬಿರುಕೆಲ್ಲ ಮಾಯವಾಗಿ, ಹಸುಗೂಸಿನ ಕೆನ್ನೆಯಂತೆ ನುಣ್ಣಗೆ ಹೊಳೆಯುತ್ತಿತ್ತು. ಕಸ ಗುಡಿಸುವವಳಿಗೂ ಕಾರಿಗೂ ಏನು ನಂಟು ಎಂದು ಅಲ್ಲೇ ಕೂತು ಯೋಚಿಸಿದೆ. ಬಹಳ ಹೊತ್ತು ಬೇಕಾಗಲಿಲ್ಲ. ಎದ್ದು ಗೋಡೆ ಹಿಡಿದುಕೊಂಡು ಕೆಲಸಕ್ಕೆ ಹೋಗಿ ಮರಳು ಹಾಕಿದೆ.

ಅದಾಗಿ ಹತ್ತು ದಿನವಾಗಿರಬೇಕು. ಬೆಳಗ್ಗೆ ಹತ್ತು ಗಂಟೆಗೆ ಸಣ್ಣಗೆ ಹನಿ ಬಿತ್ತು. ಹಾಲಿನ ಡೈರಿಯ ತಿರುವಿನಲ್ಲಿ ಓಬಳೇಶ ಸ್ಟೇರಿಂಗ್ ತಿರುಗಿಸಿದ, ಕಾರು ತಿರುಗಲಿಲ್ಲ. ನೇರವಾಗಿ ಹೋಗಿ ಸೊಪ್ಪು ಮಾರುವ ಪಾರ್ವತಕ್ಕನ ಮೇಲೆ ನುಗ್ಗಿತು. ಅವಳ ಬಲಗಾಲು ಮಂಡಿಯ ಕೆಳಗೆ ಮುರಿಯಿತು. ಓಬಳೇಶ ಇಳಿದು ಓಡಿದ, ಜಾರಿ ಬಿದ್ದ, ಎದ್ದ, ಮತ್ತೆ ಬಿದ್ದ, ಕೊನೆಗೆ ತೆವಳಿಕೊಂಡೇ ಹೋಗಿ ಅವಳ ತಲೆ ಎತ್ತಿ ಹಿಡಿದ. ಹಿಂದಿನ ಸೀಟಿನಲ್ಲಿ ಕೂತಿದ್ದ ಪಟ್ಟಾಭಿರಾಮಯ್ಯನವರು ಇಳಿಯಲಿಲ್ಲ. ಗಾಜು ಇಳಿಸಿ, "ಏನಾಯ್ತು ನೋಡ್ರಪ್ಪ" ಎಂದು ದಾರಿಯವರಿಗೆ ಹೇಳಿದರಂತೆ.

ಇಂಥದ್ದು ಆದಾಗ ಚಾವಡಿಯ ಮುಂದಿನ ಹಾಸುಗಲ್ಲಿನ ಮೇಲೆ ನೀರು ಹೊಯ್ದು ಸಂಬಂಧಪಟ್ಟವರನ್ನು ನಡೆಸಿ ನೋಡುವುದು ನಮ್ಮಲ್ಲಿ ವಾಡಿಕೆ. ಹನ್ನೆರಡು ಹೆಜ್ಜೆಯ ಕಲ್ಲು. ಬಿದ್ದವರು ಹೊಣೆ. ಗಾಡಿಯ ವಿಷಯದಲ್ಲಿ ಬಿದ್ದವರು ಬದುಕಿರುವ ತನಕ ಮತ್ತೆ ಸ್ಟೇರಿಂಗ್ ಮುಟ್ಟುವ ಹಾಗಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಇದಕ್ಕೆ ಇನ್ನೊಂದು ಕಟ್ಟಳೆ ಸೇರಿಸಿಟ್ಟಿದ್ದಾರೆ. ಕೆಳಗಿನ ಕೆಲಸದವರಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು, ಮೊದಲು ಒಬ್ಬರು ಬಿದ್ದ ಕೂಡಲೇ ನಿಲ್ಲಿಸಬೇಕು. ಈ ಕಟ್ಟಳೆ ಮಾಡಿದವನು ಯಾವ ಕೆಲಸದಲ್ಲಿದ್ದ ಎಂದು ಯಾರೂ ಹೇಳುವುದಿಲ್ಲ. ಆದರೆ ಅವನು ಕಸ ಗುಡಿಸುತ್ತಿರಲಿಲ್ಲ ಎಂದು ನಾನು ಆಣೆ ಇಟ್ಟು ಹೇಳಬಲ್ಲೆ. ನನ್ನ ನೆನಪಿನಲ್ಲಿ ಆ ಕಲ್ಲಿನ ಮೇಲೆ ಹಮಾಲರು ಬಿದ್ದಿದ್ದಾರೆ, ಕ್ಲೀನರುಗಳು ಬಿದ್ದಿದ್ದಾರೆ, ಒಬ್ಬ ಅಡುಗೆಯವನು ಬಿದ್ದಿದ್ದಾನೆ. ಮೇಲಿನವರಿಗೆ ಪಾಳಿ ಬಂದದ್ದೇ ಇಲ್ಲ.

ಕಲ್ಲಿನ ಮೇಲೆ ನಡೆಸುವ ಹಿಂದಿನ ಸಂಜೆ ಓಬಳೇಶ ಬಂದು ನಮ್ಮ ಜಗುಲಿಯ ಮೇಲೆ ಕೂತ. "ಅಕ್ಕ, ನಾನು ಬೀಳ್ತೀನಿ" ಎಂದ. "ಬೀಳ್ತೀಯ" ಎಂದೆ. "ನಾಕು ಸಲ ಹೇಳಿದ್ನಲ್ಲಕ್ಕ." "ಐದ್ನೇ ಸಲ ಹೇಳ್ನಿಲ್ಲವಲ್ಲ." ಅವನು ಅಂಗೈ ನೋಡಿಕೊಂಡ. ಹದಿನಾಲ್ಕು ವರ್ಷ ಸ್ಟೇರಿಂಗ್ ಹಿಡಿದು ಹಿಡಿದು ಬೆರಳುಗಳು ಬಿಡಿಸಿದರೂ ಅರ್ಧ ಮಡಿಚಿಕೊಂಡೇ ಇರುತ್ತಿದ್ದವು. "ಇನ್ಮೇಲೆ ಈ ಕೈಲಿ ಏನ್ ಹಿಡೀಲಿ ಹೇಳು" ಎಂದ. ಅವನು ಹೋದ ಮೇಲೆ, ಕೆಳಗಿನಿಂದ ಶುರು ಮಾಡಬೇಕು ಎನ್ನುತ್ತಾರಲ್ಲ, ಕಂಪನಿಯಲ್ಲಿ ಡ್ರೈವರಿನ ಕೆಳಗೆ ಯಾರಿದ್ದಾರೆ ಎಂದು ಲೆಕ್ಕ ಹಾಕಿದೆ.

ಮಾರನೇ ದಿನ ಚಾವಡಿಯ ಮುಂದೆ ಊರೇ ನೆರೆದಿತ್ತು. ಪಾರ್ವತಕ್ಕನನ್ನು ಮಂಚದ ಮೇಲೆ ಹೊತ್ತು ತಂದಿದ್ದರು. ಪಟ್ಟಾಭಿರಾಮಯ್ಯನವರು ಕುರ್ಚಿ ತರಿಸಿಕೊಂಡು ಕೂತಿದ್ದರು. ಕುರ್ಚಿಯ ಕೆಳಗೆ ಒಂದು ಗೋಣಿಚೀಲ ಹಾಸಿತ್ತು. ಬೋರಲಿಂಗಯ್ಯನವರು ಮೂಗು ಒರೆಸಿಕೊಂಡು, "ಎಲ್ಲಿ, ಡ್ರೈವರ್ ಬಾರಪ್ಪ" ಎಂದರು. ಓಬಳೇಶ ಚಪ್ಪಲಿ ಬಿಟ್ಟ. ಅಷ್ಟರಲ್ಲಿ ನಾನು ಎದ್ದೆ.

"ಬುದ್ಧಿ, ಕೆಳಗ್ಲಿಂದ ಅಂದ್ರೆ ನನ್ನಿಂದ."

"ನೀನ್ಯಾರಮ್ಮ?"

"ಕಂಪನಿ ಕಸ ಗುಡ್ಸೋಳು. ಡ್ರೈವರಿಗಿಂತ ಕೆಳಗ್ಲೋಳು."

"ಕಸ ಗುಡಿಸೋಳಿಗೂ ಕಾರಿನ ಟೈರಿಗೂ ಏನಮ್ಮ ಸಂಬಂಧ? ಕೂತ್ಕೋ."

"ಸಂಬಂಧ ಐತೋ ಇಲ್ವೋ ಕಲ್ಲು ಹೇಳ್ತದಲ್ಲ ಬುದ್ಧಿ. ಅದಕ್ಕೇ ತಾನೇ ಕಲ್ಲು ಮಡಗಿರೋದು?"

ಜನ ನಕ್ಕರು. "ಬಿಡಿ ಯಜಮಾನ್ರೇ, ಮುದುಕಿಗೆ ಆಸೆ, ನಡೀಲಿ" ಎಂದು ಯಾರೋ ಕೂಗಿದರು. ಪಟ್ಟಾಭಿರಾಮಯ್ಯನವರು ಮಾತ್ರ ನಗಲಿಲ್ಲ, ಗೋಣಿಚೀಲದ ಮೇಲೆ ಪಾದ ಒತ್ತಿಕೊಂಡರು. ನಾನು ಕಲ್ಲಿನ ಮೇಲೆ ಕಾಲಿಟ್ಟೆ. ಒಂದು. ಎರಡು. ಮೂರನೆಯದಕ್ಕೆ ಎರಡೂ ಪಾದ ಒಟ್ಟಿಗೆ ಹೋಯಿತು, ಸೊಂಟ ಕಲ್ಲಿಗೆ ಬಡಿಯಿತು. ನಗು ನಿಂತಿತು.

ನನ್ನ ಎಣಿಕೆ ಇಷ್ಟು. ಕಸ ಗುಡಿಸುವವಳು ಬಿದ್ದಳೆಂದರೆ ಯಾಕೆ ಎಂದು ಕೇಳಲೇಬೇಕಾಗುತ್ತದೆ. ಟೈರಿಗೆ ಇವಳು ಹೊಣೆ ಎಂದು ಬರೆಯಲು ಕೈ ಬರುವುದಿಲ್ಲ, ನಾಚಿಕೆಯಾಗಿ ಮೇಲಕ್ಕೆ ಹೋಗುತ್ತಾರೆ ಎಂದುಕೊಂಡಿದ್ದೆ. ಅರವತ್ತೆಂಟು ವರ್ಷ ಈ ಊರಲ್ಲಿ ಬಾಳಿದವಳು ಹಾಗೆ ಎಂದುಕೊಂಡೆನಲ್ಲ, ಅದು ನನ್ನ ದಡ್ಡತನ.

ಬಿದ್ದಲ್ಲಿಂದಲೇ ಕೂಗಿ ಹೇಳಿದೆ. "ಟೈರು ಸವೆದದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಎರಡು ತಿಂಗಳು ಮರಳು ಹಾಕ್ದೆ. ಅದಕ್ಕೇ ಬಿದ್ದೆ. ಯಾರ ಕಾಲಿಗೆ ಮರಳು ಹಾಕ್ದೆ ಅಂತ ಕೇಳಿ ಬುದ್ಧಿ."

ಬೋರಲಿಂಗಯ್ಯನವರು ಕೇಳಲಿಲ್ಲ. ಕರ್ಚೀಫು ಮಡಿಚಿ, ಬಿಚ್ಚಿ, ಮತ್ತೆ ಮಡಿಚಿದರು. ಪಟ್ಟಾಭಿರಾಮಯ್ಯನವರು ಕೂತಲ್ಲಿಂದಲೇ, "ಒಬ್ಬರು ಸಿಕ್ಕರಲ್ಲ ಯಜಮಾನ್ರೇ. ಕಟ್ಟಳೆ ಕಟ್ಟಳೆಯೇ. ಬೇಜಾರಿನ ವಿಷಯ, ನಮ್ಮ ಹಳೇ ಕೆಲಸದವಳು" ಎಂದರು. ಮಂಚದ ಮೇಲಿನಿಂದ ಪಾರ್ವತಕ್ಕ ಕಿರುಚಿದಳು. "ಏನ್ ಮಾತಾಡ್ತಾ ಇದ್ದೀರ್ರೋ? ನನ್ನ ಕಾಲು ಮುರಿದದ್ದು ಇವಳ ಪೊರಕೆ ಹೊಡ್ದಾ? ಆ ಕುರ್ಚಿ ಮೇಲೆ ಕೂತೋನ್ನ ಒಂದ್ಸಲ ಎಬ್ಬಿಸ್ರೋ, ಎರಡು ಹೆಜ್ಜೆ ಸಾಕು!" ಯಾರೂ ಎಬ್ಬಿಸಲಿಲ್ಲ. ಹೆಡ್‌ಮಾಸ್ತರು ದಾರ ಕಟ್ಟಿದ ಹಲ್ಲನ್ನು ನಾಲಿಗೆಯಿಂದ ಸರಿಮಾಡಿಕೊಳ್ಳುತ್ತಾ ಆಕಾಶ ನೋಡಿದರು. ಒಬ್ಬನನ್ನು ಎಬ್ಬಿಸಿದರೆ ನಾಳೆ ತಮ್ಮನ್ನೂ ಎಬ್ಬಿಸುತ್ತಾರೆ ಎಂದು ಪ್ರತಿಯೊಬ್ಬರಿಗೂ ಗೊತ್ತಿತ್ತು.

ತೀರ್ಪನ್ನು ನಮ್ಮ ಗುಮಾಸ್ತ ಫಣಿಯಪ್ಪನೇ ಬರೆದು ಓದಿದ. ಕಂಪನಿ ಕಾರಿನ ನಾಲ್ಕು ಟೈರು ಸವೆದದ್ದಕ್ಕೂ, ಅದರಿಂದಾದ ಅಪಘಾತಕ್ಕೂ ಕಸ ಗುಡಿಸುವ ಕೆಂಚಮ್ಮನೇ ಹೊಣೆ. ಇನ್ನು ಮುಂದೆ ಸದರಿ ಕೆಂಚಮ್ಮ ಯಾವ ಗಾಡಿಯ ಸ್ಟೇರಿಂಗನ್ನೂ ಮುಟ್ಟತಕ್ಕದ್ದಲ್ಲ. ನಾನು ಈ ಜನ್ಮದಲ್ಲಿ ಎತ್ತಿನ ಗಾಡಿಯ ಹಗ್ಗವನ್ನೂ ಹಿಡಿದವಳಲ್ಲ. ಓದುವಾಗ ಅವನಿಗೆ ನಗು ಬರಬಹುದು ಎಂದು ಮುಖ ನೋಡಿದೆ. ಬರಲಿಲ್ಲ. ಅಕ್ಷರ ದುಂಡಗೆ ಬಂದಿದೆಯೇ ಎಂದು ನೋಡಿಕೊಳ್ಳುತ್ತಿದ್ದ. ಕಂಪನಿಯ ಕೆಲಸವೂ ಅಂದೇ ಹೋಯಿತು.

ಮನೆಗೆ ನಡೆದು ಬರುವಾಗ ಚರಂಡಿಯ ಪಕ್ಕದ ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲಿಟ್ಟೆ. ಪಾದ ಗಪ್ಪನೆ ಹಿಡಿಯಿತು. ಮತ್ತೆ ಇಟ್ಟು ನೋಡಿದೆ. ಹಿಡಿಯಿತು.

ನಾಲ್ಕನೇ ದಿನ ಬೆಳಗ್ಗೆ ಮನೆಯ ಮುಂದೆ ಬಿಳಿ ಕಾರು ಬಂದು ನಿಂತಿತು. ಓಬಳೇಶ ಇಳಿದ. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಕಾರಿನ ಬಾಗಿಲು ಹಿಡಿದುಕೊಂಡೇ, "ಕೆಂಚಕ್ಕ, ನಿನ್ನಿಂದ ನನ್ನ ಕೈ ಉಳೀತು" ಎಂದ.

"ಟೈರ್ ಹಾಕ್ಸುದ್ರಾ?"

"ಮುಂದಿನ ತಿಂಗಳು ಅಂದವ್ರೆ."

ಅವನಿಗೆ ಇನ್ನೂ ಏನೋ ಹೇಳುವುದಿತ್ತು, ಬಾಗಿಲ ಹಿಡಿ ತಿರುಗಿಸುತ್ತಾ ನಿಂತ. "ಸಾಯೇಬ್ರು ಹೇಳಿ ಕಳ್ಸಿದ್ರು ಅಕ್ಕ. ಮರಳು ಹಾಕ್ದೋರು ಬೀಳ್ತಾರೆ ಅಂತ ಈಗ ಊರಿಗೆಲ್ಲ ಗೊತ್ತಾಗ್ಬುಡ್ತು, ಆ ಕೆಲಸಕ್ಕೆ ಯಾರೂ ಬತ್ತಾ ಇಲ್ಲ. ಮೂರು ದಿನದಿಂದ ಅವ್ರು ರೂಮಿಂದ ಈಚೆಗೇ ಬಂದಿಲ್ಲ. ಊಟ, ನಿದ್ದೆ ಎಲ್ಲ ಅಲ್ಲೇ. ಹೆಂಗೂ ನಿನ್ನ ತಪ್ಪು ಅಂತ ಆಗೋಗದಲ್ಲ, ಇನ್ನೇನು ಭಯ, ಬಂದು ಮರಳು ಹಾಕ್ಲಿ ಅಂದ್ರು. ಕಾರಲ್ಲೇ ಕರ್ಕೊಂಡು ಬಾ ಅಂದವ್ರೆ. ಹತ್ತು ಅಕ್ಕ."

ಕೋಪ ಬರಲಿಲ್ಲ. ಅಷ್ಟು ದೊಡ್ಡ ನಾಚಿಕೆಗೇಡಿನ ಮುಂದೆ ಕೋಪ ಕೂಡ ಸಣ್ಣದಾಗಿಬಿಡುತ್ತದೆ. ಅಂಗಳಕ್ಕೆ ಆಗ ತಾನೇ ನೀರು ಹಾಕಿ ಸಾರಿಸಿದ್ದೆ. "ಹಣ್ಣು ತಂದಿದೀಯಲ್ಲ, ತಂದು ಕೊಡು. ಏನೂ ಹಿಡ್ಕೊಳ್ದೆ ಬಾ" ಎಂದೆ.

ಅವನು ಕಾರಿನ ಬಾಗಿಲನ್ನು ನೋಡಿದ, ನನ್ನನ್ನು ನೋಡಿದ. ಬಿಟ್ಟ. ಒಂದು ಹೆಜ್ಜೆಯನ್ನೂ ಪೂರ್ತಿ ಇಡಲಾಗಲಿಲ್ಲ. ಬಾಳೆಹಣ್ಣಿನ ಚಿಪ್ಪು ಒಂದು ಕಡೆ, ಅವನು ಒಂದು ಕಡೆ. ನಾನು ಎಬ್ಬಿಸಲು ಹೋಗಲಿಲ್ಲ. ಹಸಿ ಅಂಗಳದಲ್ಲಿ ಹಾಗೇ ಕೂತಿದ್ದ. ಡೈರಿಯಿಂದ ಹಾಲಿನ ಕ್ಯಾನುಗಳು ಬಡಿದಾಡುವ ಸದ್ದು ಬರುತ್ತಿತ್ತು. ಆ ತಿರುವು ದಾಟಿಯೇ ಅವನು ಇಲ್ಲಿಗೆ ಬಂದಿದ್ದ. ಪಾರ್ವತಕ್ಕನ ಜಾಗದಲ್ಲಿ ಈಗ ಅವಳ ಸೊಸೆ ಕೂತು ಸೊಪ್ಪು ಮಾರುತ್ತಿದ್ದಳು. ಅವಳನ್ನು ನೋಡಿಕೊಂಡೇ ಬಂದಿದ್ದ.

"ಅವಳು ನನ್ನ ಕಾರು ಕಂಡು ಬುಟ್ಟಿ ಎತ್ಕೊಂಡು ಗೋಡೆಗೆ ಒತ್ಕೊಂಡಳು ಕಣಕ್ಕ" ಎಂದ. ಅವನು ಜೇಬಿನಿಂದ ಕಾರಿನ ಕೀಲಿ ತೆಗೆದು ನನ್ನ ಕಡೆ ಚಾಚಿದ. "ಇದನ್ನ ನೀನು ಇಟ್ಕೊಂಡ್ಬುಡು."

"ನಾನ್ಯಾಕೆ ಇಟ್ಕೊಳ್ಳಲಿ? ಟೈರು ನಂದು ಅಂತ ಬರ್ಸ್ಕೊಂಡಿದ್ದು ಸಾಲ್ದಾ? ಯಾರ ಕೈಯಿಂದ ಈಸ್ಕೊಂಡ್ಯೋ ಅವರ ಕೈಗೇ ಕೊಡು. ಪುಸ್ತಕದಲ್ಲಿ ದಿನಾ ರುಜು ಹಾಕ್ತೀಯಲ್ಲ, ಇವತ್ತು ಗಾಡಿ ಸರಿ ಇಲ್ಲ, ಓಡ್ಸಲ್ಲ ಅಂತ ಬರಿ."

"ಕೆಲಸ ಹೋಗ್ತದೆ."

"ಹೋಗ್ತದೆ. ಬೇರೆ ಗಾಡಿ ಸಿಗ್ಬಹುದು. ಆ ಕಲ್ಲಿನ ಮೇಲೆ ಬಿದ್ದಿದ್ರೆ ಯಾವ ಗಾಡೀನೂ ಸಿಗ್ತಿರ್ನಿಲ್ಲ, ಅಷ್ಟು ಉಳಿಸಿ ಕೊಟ್ಟಿವ್ನಿ. ಉಳಿದಿದ್ದು ನಿಂದು."

ಅವನು ಕಾರನ್ನು ಅಲ್ಲೇ ಬಿಟ್ಟು ನಡೆದುಕೊಂಡು ಹೊರಟ. ಮೊದಮೊದಲು ನಮ್ಮ ಬೀದಿಯ ಗೋಡೆಗಳನ್ನು ಹಿಡಿದು ಹಿಡಿದು ಹೋಗುತ್ತಿದ್ದ. ಡೈರಿಯ ಹತ್ತಿರ ಬಂದಾಗ ಸೊಪ್ಪಿನವಳ ಮುಂದೆ ನಿಂತು ಏನೋ ಹೇಳಿದ, ನನಗೆ ಕೇಳಿಸಲಿಲ್ಲ. ಅಲ್ಲಿಂದ ಮುಂದೆ ಹಿಡಿದುಕೊಳ್ಳಲು ಗೋಡೆಯೇ ಇಲ್ಲ, ಬರೀ ಬಯಲು. ಕೀಲಿ ಹಿಡಿದ ಕೈಯನ್ನು ಬೀಸುತ್ತಾ ನಡೆದು ಮರೆಯಾದ.

ಕಾರು ಎರಡು ದಿನ ನನ್ನ ಮನೆಯ ಮುಂದೆಯೇ ನಿಂತಿತ್ತು. ಅದನ್ನು ಓಡಿಸಲು ಊರಿನ ಯಾವ ಡ್ರೈವರೂ ಬರಲಿಲ್ಲ. ಓಬಳೇಶ ಪುಸ್ತಕದಲ್ಲಿ ಬರೆದದ್ದು ಅಷ್ಟರೊಳಗೆ ಎಲ್ಲರಿಗೂ ತಿಳಿದಿತ್ತು, ತಿಳಿದ ಮೇಲೆ ಹತ್ತಿದರೆ ಏನಾಗುತ್ತದೆ ಎಂಬುದೂ ತಿಳಿದಿತ್ತು. ಮೂರನೇ ದಿನ ಪಟ್ಟಾಭಿರಾಮಯ್ಯನವರು ಅದಕ್ಕೊಂದು ಉಪಾಯ ಕಂಡುಹಿಡಿದರು. ನಾಲ್ಕು ಟೈರು ಕಳಿಸುವ ಬದಲು ನಾಲ್ಕು ಜನರನ್ನು ಕಳಿಸಿದರು, ಕಾರನ್ನು ತಳ್ಳಿಕೊಂಡು ಬರಲು. ಗಟ್ಟಿಮುಟ್ಟಾದ ಆಳುಗಳು. ಒಬ್ಬ ಬಗ್ಗಿ ಟೈರು ನೋಡಿ, "ಅಯ್ಯೋ, ಪೂರ್ತಿ ಬೋಳು" ಎಂದ. ಮಿಕ್ಕ ಮೂವರೂ ಬಗ್ಗಿ ನೋಡಿದರು. "ನಮಗ್ಯಾಕೆ, ತಳ್ಳು ತಳ್ಳು" ಎಂದ ಒಬ್ಬ. ನಾಲ್ವರೂ ಹೆಗಲು ಕೊಟ್ಟು ಒಟ್ಟಿಗೆ ತಳ್ಳಿದರು. ಕಾರು ಇದ್ದಲ್ಲೇ ಇತ್ತು, ನಾಲ್ವರ ಎಂಟು ಪಾದಗಳು ಮಾತ್ರ ಸರಸರನೆ ಹಿಂದಕ್ಕೆ ಹೋಗುತ್ತಿದ್ದವು.